ಜಗಲಿಯ ಮಾತು: ಮನೆಗೆ ಕೊಟ್ಟ ಲೆಕ್ಕ

ಕಳೆದ ಸಂಚಿಕೆಯಲ್ಲಿ ನಾವು ಅಧಿಕಮಾಸದ ವಿಚಾರವನ್ನು ಬರೆಯುವೆವೆಂದು ವಾಚಕ ಮಹಾಶಯರಿಗೆ ಮಾತು ಕೊಟ್ಟಿದ್ದುದುಂಟು. ಆ ಮಾತನ್ನು ಮರೆತಿಲ್ಲ. ಆದರೆ ಈ ಒಂದು ತಿಂಗಳಲ್ಲಿ ನಮ್ಮ ಜಗಲಿಯ ಮೇಲೆ ಬೇರೊಂದು ವಿಷಯವು ತಾನಾಗಿ ಬಂದು ಕುಳಿತುದರಿಂದ ಅಧಿಕಮಾಸವನ್ನು ಮುಂದಕ್ಕೆ ಹಾಕಬೇಕಾಯಿತು. ಅದು ಹೇಗೂ ತಪ್ಪದೆ ಬರತಕ್ಕದ್ದೇ ಆಗಿರುವುದರಿಂದ ವಾಚಕರು ಕ್ಷಮಿಸುವರೆಂದು ನಂಬಿರುತ್ತೇವೆ.

ನಾವು ಬೊಮ್ಮನಹಳ್ಳಿಯ ನಿವಾಸಿಗಳೆಂಬುದನ್ನು ಈ ಪುಟವನ್ನು ಓದತಕ್ಕವರು ಬಲ್ಲರು. ಹೊಸೂರು ರಸ್ತೆಯ ಗದ್ದಲವು ಹಿಂದಿನಿಂದಲೂ ಇದ್ದೇ ಇದೆ. 2025ರ ಆಗಸ್ಟ್ ತಿಂಗಳಿನಿಂದ ಹಳದಿ ಮಾರ್ಗದ ಮೆಟ್ರೋ ರೈಲು ಬೇರೆ ತಲೆಯ ಮೇಲೆ ಓಡಾಡುತ್ತಲಿದೆ. ನಮ್ಮ ಮಹಡಿಯಲ್ಲಿ ಒಂದು ಸಂಸಾರವು ಬಾಡಿಗೆಗೆ ಇರುವುದು. ಮನೆಯ ಯಜಮಾನನು ಸಾಮಾನು ಸಾಗಿಸುವ ಆಟೋ ಓಡಿಸುತ್ತಾನೆ; ಆತನ ಹೆಂಡತಿಯು ಸಮೀಪದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅಂಗಿ ಹೊಲಿಯುವ ಕೆಲಸದಲ್ಲಿದ್ದಾಳೆ. ಮಗಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ಈಗ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನದ ಎರಡನೆಯ ವರ್ಷದಲ್ಲಿರುವಳು. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಇವಳೇ ಮೊದಲನೆಯವಳು.

ಒಂದು ಭಾನುವಾರ ಸಾಯಂಕಾಲ ಮಳೆ ಹೊಡೆದು ಕರೆಂಟು ನಿಂತುಹೋಗಿದ್ದಿತು. ಹುಡುಗಿಯು ಕೆಳಗೆ ಬಂದು ನಮ್ಮ ಜಗಲಿಯ ಮಬ್ಬು ಬೆಳಕಿನಲ್ಲಿ ಕುಳಿತು, ಎಡಗೈಯಲ್ಲಿ ಮೊಬೈಲನ್ನೂ ಬಲಗೈಯಲ್ಲಿ ಲೇಖನಿಯನ್ನೂ ಹಿಡಿದು, ಅದರಲ್ಲಿದ್ದುದನ್ನು ಇದರಿಂದ ಭರಭರನೆ ಇಳಿಸುತ್ತಲಿದ್ದಳು. ಆ ವೇಗವನ್ನು ಹಿಂದಿನ ಓಲೆಗರಿಯ ಲಿಪಿಕಾರರು ಕಂಡಿದ್ದರೆ ತಲೆದೂಗುತ್ತಿದ್ದರು.

“ಏನಮ್ಮ, ಯಾವ ಪಾಠ?” ಎಂದೆವು.

“ಡಿಸ್ಕ್ರೀಟ್ ಮ್ಯಾಥ್ಸ್ ಅಸೈನ್‌ಮೆಂಟು ತಾತ. ಹತ್ತು ಲೆಕ್ಕ. ನಾಳೆ ಬೆಳಗ್ಗೆ ಕೊಡಬೇಕು.”

“ಲೆಕ್ಕವನ್ನು ಮಾಡಿದವರು ಯಾರು?”

“ಇದನ್ನೇ ಕೇಳಿದರೆ ಮಾಡಿಕೊಡುತ್ತೆ ತಾತ. ಎಲ್ಲರೂ ಹೀಗೇ ಬರೆಯೋದು.”

ನಾವು ಹಾಳೆಯನ್ನು ತೆಗೆದುಕೊಂಡು ನೋಡಿದೆವು. ಅಕ್ಷರಗಳು ಮುತ್ತಿನಂತಿದ್ದವು. ಒಂದು ಲೆಕ್ಕದಲ್ಲಿ ಮೂರನೆಯ ಸಾಲಿನಿಂದ ನಾಲ್ಕನೆಯ ಸಾಲು ಹೇಗೆ ಬಂದಿತೆಂದು ಕೇಳಿದುದಕ್ಕೆ, “ಅದು ಹಾಗೇ ತಾತ” ಎಂಬ ಉತ್ತರ ದೊರೆಯಿತು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ತಾನಾಗಿಯೇ ಹೇಳಿದಳು: ಮೊದಲನೆಯ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಆರು ಅಂಕ ಬಂದಿದೆ, ಅಮ್ಮನಿಗೆ ಹೇಳಿಲ್ಲ, ಓದು ತನ್ನ ತಲೆಗೆ ಹತ್ತುವುದಲ್ಲವೆಂದೂ, ಈ ವರ್ಷಕ್ಕೆ ಬಿಟ್ಟು ಅಮ್ಮನ ಕಾರ್ಖಾನೆಯಲ್ಲಿಯೇ ಕೆಲಸ ಕೇಳುವುದೆಂದೂ ಮನಸ್ಸಿಗೆ ಬಂದಿದೆ. ತಾಯಿಯ ದುಡಿತದ ಹಣವೆಲ್ಲ ಇವಳ ಶುಲ್ಕಕ್ಕೆ ಹೋಗುತ್ತಿರುವುದನ್ನು ನಾವು ಬಲ್ಲೆವು.

ಹುಡುಗಿಯನ್ನು ಗದರಿಸುವ ಮಾತು ನಮ್ಮ ನಾಲಗೆಯ ತುದಿಗೆ ಬಂದಿದ್ದಿತು. ಅದನ್ನು ತಡೆದುದು ನಮ್ಮ ಸ್ವಂತ ನೆನಪು. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ನಾವು ಮಕ್ಕಳಿಗೆ ಮನೆಗೆಲಸವನ್ನು ಕೊಟ್ಟವರು. ಅರುವತ್ತು ನೋಟುಪುಸ್ತಕಗಳ ರಾಶಿಯನ್ನು ಮುಂದಿಟ್ಟುಕೊಂಡು, ಒಳಗೇನಿದೆಯೆಂದು ನೋಡದೆ, ಪುಟದ ಬುಡದಲ್ಲಿ ಕೆಂಪು ಶಾಯಿಯ ಗೀಟನ್ನೆಳೆದು ರುಜು ಹಾಕಿದ ರಾತ್ರಿಗಳು ಎಷ್ಟೆಂಬುದನ್ನು ಲೆಕ್ಕವಿಡಲಿಲ್ಲ. ಓದದೆ ರುಜು ಹಾಕುವ ಮೇಷ್ಟರೂ ತಿಳಿಯದೆ ನಕಲು ಮಾಡುವ ಶಿಷ್ಯನೂ ಒಂದೇ ಗಾಡಿಗೆ ಹೂಡಿದ ಜೋಡೆತ್ತುಗಳು. ಆದಕಾರಣ ಬಾಯಿ ಮುಚ್ಚಿಕೊಂಡು, “ನಿನ್ನ ಪುಸ್ತಕವನ್ನು ತೆಗೆದುಕೊಂಡು ಬಾ” ಎಂದಷ್ಟೇ ಹೇಳಿದೆವು.

ಈ ಗಣಿತವೆಂಬುದು ಯಾವುದು? ಕನ್ನಡದಲ್ಲಿ ಇದಕ್ಕೆ ವಿವಿಕ್ತ ಗಣಿತವೆಂದು ಹೆಸರಿಟ್ಟಿರುವರು. ಗೃಹಿಣಿಯರಿಗೆ ಹೇಳುವುದಾದರೆ, ಹಾಲನ್ನು ಅಳೆಯುತ್ತೇವೆ, ತೆಂಗಿನಕಾಯಿಯನ್ನು ಎಣಿಸುತ್ತೇವೆ. ಅಳೆಯತಕ್ಕವುಗಳ ಗಣಿತ ಒಂದು, ಎಣಿಸತಕ್ಕವುಗಳ ಗಣಿತ ಇನ್ನೊಂದು. ಈ ಎರಡನೆಯದೇ ಪ್ರಕೃತ ವಿಷಯ. ಕಂಪ್ಯೂಟರ್ ಯಂತ್ರವು ಸೊನ್ನೆ ಮತ್ತು ಒಂದು ಎಂಬ ಎರಡೇ ಗುರುತುಗಳಿಂದ ನಡೆಯತಕ್ಕದ್ದಾದುದರಿಂದ ಅದನ್ನು ಕಲಿಯುವವರಿಗೆ ಇದು ಅಡಿಪಾಯ. ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಪಠ್ಯಕ್ರಮದಲ್ಲಿಯೂ ಈ ವಿಷಯವುಂಟು. ತರ್ಕ, ಗಣಗಳು, ಎಣಿಕೆ, ಸಂಬಂಧಗಳು, ಗ್ರಾಫುಗಳು ಮೊದಲಾದ ಪ್ರಕರಣಗಳು ಇದರಲ್ಲಿ ಬರುವುವು. ಗ್ರಿಮಾಲ್ಡಿ ಎಂಬ ಅಮೆರಿಕದ ಪಂಡಿತರು ಬರೆದ ದಪ್ಪ ಗ್ರಂಥವು ಅಲ್ಲಿ ಬಹುಕಾಲ ಪಠ್ಯವಾಗಿದ್ದಿತು. ಹುಡುಗಿಯು ತಂದುದೂ ಅದನ್ನೇ. ಕೈಯಿಂದ ಕೈಗೆ ಬಂದು ಬೆನ್ನು ಹರಿದ ಪ್ರತಿ.

ಮೊದಲನೆಯ ಲೆಕ್ಕ ಹೀಗಿದ್ದಿತು: ಒಂದು ಮತ್ತು ಎರಡು ಎಂಬ ಸಂಖ್ಯೆಗಳನ್ನು ಮಾತ್ರ ಕೂಡಿಸುತ್ತ, ಕ್ರಮಕ್ಕೂ ಬೆಲೆ ಕೊಟ್ಟು, ಒಂದು ಸಂಖ್ಯೆಯನ್ನು ಎಷ್ಟು ವಿಧದಲ್ಲಿ ಪಡೆಯಬಹುದು? ಯಂತ್ರವು ಅರ್ಧ ಪುಟದ ಸೂತ್ರವನ್ನು ಬರೆದು ಕೊಟ್ಟಿದ್ದಿತು. ನಾವು ಗಣಿತದವರಲ್ಲ, ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದವರು. ಆದರೂ ಆ ಪ್ರಶ್ನೆಯನ್ನು ಓದಿದೊಡನೆ ಹಳೆಯ ನಂಟನನ್ನು ಬಸ್ಸಿನಲ್ಲಿ ಕಂಡಂತಾಯಿತು.

“ಒಂದು ಎಂಬುದಕ್ಕೆ ಲಘು ಎನ್ನು, ಎರಡು ಎಂಬುದಕ್ಕೆ ಗುರು ಎನ್ನು. ಈಗ ಹೇಳು, ನಾಲ್ಕು ಮಾತ್ರೆಯ ಗಣಗಳು ಎಷ್ಟು?”

ಹುಡುಗಿಯು ಬೆರಗಾಗಿ ನೋಡಿದಳು. ಹೈಸ್ಕೂಲಿನ ಕನ್ನಡ ಪಾಠದಲ್ಲಿ ಪ್ರಸ್ತಾರ ಹಾಕಿದ್ದವಳಲ್ಲವೆ? ಗುರು ಗುರು, ಗುರು ಲಘು ಲಘು, ಲಘು ಗುರು ಲಘು, ಲಘು ಲಘು ಗುರು, ನಾಲ್ಕೂ ಲಘು. ಬೆರಳು ಮಡಿಸಿ ಐದು ಎಂದಳು. ಮೂರು ಮಾತ್ರೆಗೆ ಮೂರು. ಹಾಗಾದರೆ ಐದು ಮಾತ್ರೆಗೆ? ಬರೆಯಹೊರಟವಳನ್ನು ತಡೆದು, “ಬರೆಯಬೇಡ, ಗಣದ ಕೊನೆಯನ್ನು ಮಾತ್ರ ನೋಡು. ಕೊನೆಯಲ್ಲಿ ಲಘು ಇದ್ದರೆ ಹಿಂದೆ ಉಳಿಯುವುದು ಎಷ್ಟು?” ಎಂದೆವು. ನಾಲ್ಕು ಮಾತ್ರೆ, ಅದಕ್ಕೆ ಐದು ವಿಧ. ಕೊನೆಯಲ್ಲಿ ಗುರು ಇದ್ದರೆ? ಮೂರು ಮಾತ್ರೆ, ಅದಕ್ಕೆ ಮೂರು ವಿಧ. ಕೂಡಿದರೆ ಎಂಟು. ಆರಕ್ಕೆ ಹದಿಮೂರು. ಹುಡುಗಿಯು ಒಮ್ಮೆಲೆ ಎದ್ದು ನಿಂತು, “ತಾತ, ಆ ನಾಲ್ಕನೇ ಸಾಲು ಇದೇ!” ಎಂದು ಕೂಗಿದುದನ್ನು ಕೇಳಿ, ನಮ್ಮ ಮನೆಯವರು ಹಲ್ಲಿ ಬಿದ್ದಿತೋ ಏನೋ ಎಂದು ಒಳಗಿನಿಂದ ದೀಪ ಹಿಡಿದುಕೊಂಡು ಬಂದರು.

ಈ ಸಂಖ್ಯೆಗಳಿಗೆ ಪಶ್ಚಿಮದವರು ಫಿಬೊನಾಚಿಯ ಹೆಸರನ್ನು ಕೊಟ್ಟಿರುವರು. ಆತನ ಗ್ರಂಥವು 1202ನೆಯ ಇಸವಿಯದು. ಅದಕ್ಕೆ ಸುಮಾರು ಐವತ್ತು ವರ್ಷ ಮೊದಲು ಹೇಮಚಂದ್ರನೂ, ಅವನಿಗಿಂತ ಕೆಲವು ಶತಮಾನಗಳ ಹಿಂದೆ ವಿರಹಾಂಕನೂ ಮಾತ್ರಾವೃತ್ತಗಳನ್ನು ಎಣಿಸುವಾಗ ಇದೇ ನಿಯಮವನ್ನು ಹೇಳಿದರು. ಅವರಿಗಿಂತಲೂ ಬಹು ಪ್ರಾಚೀನನಾದ ಪಿಂಗಲನು ಪ್ರಸ್ತಾರದ ಇಂತಿಷ್ಟನೆಯ ಸಾಲಿನಲ್ಲಿರುವ ಗುರುಲಘುಗಳು ಯಾವುವೆಂದು ಕಂಡುಹಿಡಿಯುವ ‘ನಷ್ಟ’ವನ್ನೂ, ಗುರುಲಘುಗಳಿಂದ ಸಾಲಿನ ಸಂಖ್ಯೆಯನ್ನು ಹೇಳುವ ‘ಉದ್ದಿಷ್ಟ’ವನ್ನೂ ಸೂತ್ರಿಸಿದನು, ಯಂತ್ರದ ಸೊನ್ನೆ ಒಂದುಗಳ ಲೆಕ್ಕವೂ ಇದೇ ಜಾತಿಯದು. ಕನ್ನಡದಲ್ಲಿ ಹತ್ತನೆಯ ಶತಮಾನದ ನಾಗವರ್ಮನು ‘ಛಂದೋಂಬುಧಿ’ಯಲ್ಲಿ ಈ ಷಟ್ಪ್ರತ್ಯಯಗಳ ವಿಚಾರವನ್ನು ತಂದಿರುತ್ತಾನೆ. ಅದನ್ನು ಆತನು ತನ್ನ ಹೆಂಡತಿಗೆ ಹೇಳುವಂತೆ ಬರೆದಿರುವನೆಂಬುದನ್ನು ಈ ಪತ್ರಿಕೆಯ ವಾಚಕರು ಗಮನಿಸಬೇಕು. ನಮ್ಮ ಮನೆಯವರು ಮಾತ್ರ ಆ ದಿನ ನಮ್ಮ ಪ್ರಸ್ತಾರವನ್ನು ಕೇಳಿಸಿಕೊಳ್ಳದೆ ಒಗ್ಗರಣೆಗೆ ಹೊರಟುಹೋದರು.

ಇದರಿಂದ ನಮ್ಮವರಿಗೆ ಎಲ್ಲವೂ ಮೊದಲೇ ತಿಳಿದಿದ್ದಿತೆಂದು ಎದೆ ತಟ್ಟಿಕೊಳ್ಳುವ ಪಂಕ್ತಿಗೆ ನಾವು ಸೇರತಕ್ಕವರಲ್ಲ. ಪಿಂಗಲನಿಗೆ ತಿಳಿದಿದ್ದರೆ ಪಿಂಗಲನಿಗೆ ಬಂದಿತು. ಹುಡುಗಿಗೆ ಬಂದುದು ಆರೇ ಅಂಕ. ನಮಗೆ ಮುಖ್ಯವೆಂದು ತೋರಿದ ಸಂಗತಿ ಬೇರೆ. ಹದಿನೈದನೆಯ ವಯಸ್ಸಿನಲ್ಲಿ ತಾನು ಕೈಯಾರೆ ಮಾಡಿದ್ದ ಕೆಲಸವನ್ನೇ ಇಂಗ್ಲಿಷಿನ ಪುಟದಲ್ಲಿ ಕಂಡಾಗ ಆ ಮಗುವಿಗೆ ಗುರುತು ಹತ್ತಲಿಲ್ಲ.

ಆಮೇಲೆ ನಮ್ಮ ಕಣ್ಣು ಓದಿನ ಮೇಲೆ ಹೋಯಿತು. ಅಧ್ಯಾಪಕರು ಪ್ರತಿ ವಾರವೂ ಲೆಕ್ಕಗಳ ಜೊತೆಗೆ ಇಂತಿಷ್ಟು ಪುಟಗಳನ್ನು ಓದಿಕೊಂಡು ಬರತಕ್ಕದ್ದೆಂದು ವಿಧಿಸುತ್ತಾರಂತೆ. ಲೆಕ್ಕಕ್ಕೆ ಅಂಕವುಂಟು, ಓದಿಗೆ ಇಲ್ಲ. ಆದುದರಿಂದ ಅದನ್ನು ಯಾರೂ ಓದುವುದಿಲ್ಲ. ಇವಳು ಓದುತ್ತಿದ್ದಳು, ಆದರೆ ಹೇಗೆಂದರೆ ಕಾದಂಬರಿಯಂತೆ, ಇಪ್ಪತ್ತು ಪುಟಗಳನ್ನು ಒಂದು ಗಂಟೆಯಲ್ಲಿ. ನಾವು ಪಾಠಶಾಲೆಯಲ್ಲಿ ‘ತರ್ಕಸಂಗ್ರಹ’ವನ್ನು ಓದುವಾಗ ಒಂದು ಲಕ್ಷಣವಾಕ್ಯಕ್ಕೆ ಒಂದು ಬೆಳಗು ಹಿಡಿಯುತ್ತಿದ್ದಿತು. ಪದಚ್ಛೇದ, ಅನ್ವಯ, ಈ ಪದವನ್ನು ಬಿಟ್ಟರೆ ಏನು ಕೆಡುವುದೆಂಬ ಪದಕೃತ್ಯ, ಆಮೇಲೆ ಪೂರ್ವಪಕ್ಷ. ಅದೇ ಕ್ರಮವನ್ನು ಗ್ರಿಮಾಲ್ಡಿಯವರ ಮೇಲೆ ನಡೆಸಿದೆವು. ಮೊದಲ ದಿನ ಒಂದೂವರೆ ಗಂಟೆಯಲ್ಲಿ ಮುಗಿದುದು ಅರ್ಧ ಪುಟ. ಇಂಗ್ಲಿಷ್ ಮಾತನ್ನು ಅವಳು ಕನ್ನಡದಲ್ಲಿ ಹೇಳುವುದು, ನಾವು ಆಕ್ಷೇಪಿಸುವುದು, ಅವಳು ಪೆನ್ಸಿಲಿನಿಂದ ಒಂದು ಉದಾಹರಣೆಯನ್ನೂ ತಪ್ಪುವ ಒಂದು ಉದಾಹರಣೆಯನ್ನೂ ಬರೆಯುವುದು.

‘ಇದಾದರೆ ಅದು’ ಎಂಬ ವಾಕ್ಯವನ್ನು ತಿರುಗಿಸಿ ‘ಅದಾದರೆ ಇದು’ ಎನ್ನಕೂಡದೆಂಬುದು ಆ ಪ್ರಕರಣದ ಒಂದು ಮುಖ್ಯಾಂಶ. ಕಿರುಪರೀಕ್ಷೆಯಲ್ಲಿ ಹುಡುಗಿಯು ಎರಡು ಕಡೆ ಎಡವಿದ್ದುದು ಇಲ್ಲಿಯೇ. ಹೊಗೆಯಿದ್ದರೆ ಬೆಂಕಿಯುಂಟು; ಬೆಂಕಿಯಿದ್ದರೆ ಹೊಗೆಯುಂಟೆ? ಕಾಸಿದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲವೆಂದು ನೈಯಾಯಿಕರು ಹೇಳಿದರು. ಹುಡುಗಿಯು, “ಅಮ್ಮನ ಇಸ್ತ್ರಿಪೆಟ್ಟಿಗೆ ತಾತ” ಎಂದಳು. ಬಟ್ಟೆ ಸುಡುವಷ್ಟು ಕಾವಿದ್ದೂ ಹೊಗೆಯಿಲ್ಲ. ನೈಯಾಯಿಕರ ದೃಷ್ಟಾಂತಕ್ಕಿಂತ ಇದು ಮೇಲೆಂದು ನಾವು ಒಪ್ಪಿಕೊಂಡೆವು.

ಶೂನ್ಯಗಣವು ಪ್ರತಿಯೊಂದು ಗಣದ ಉಪಗಣವೆಂಬ ಮಾತಿಗೆ ಬಂದಾಗ ಮಾತ್ರ ಎರಡು ದಿನ ಕಳೆಯಿತು. ಏನೂ ಇಲ್ಲದುದು ಎಲ್ಲದರೊಳಗೂ ಹೇಗೆ ಇರುವುದು? ಕೊನೆಗೆ ಅಡುಗೆಯ ಮನೆಯ ಡಬ್ಬವನ್ನು ತರಿಸಿದೆವು. “ಈ ಡಬ್ಬದಲ್ಲಿರುವ ಉಂಡೆಗಳೆಲ್ಲವೂ ಸಿಹಿ” ಎಂಬುದು ಸುಳ್ಳೆಂದು ಸಾಧಿಸಬೇಕಾದರೆ ಸಿಹಿಯಲ್ಲದ ಒಂದು ಉಂಡೆಯನ್ನು ಎತ್ತಿ ತೋರಿಸಬೇಕು. ಡಬ್ಬವು ಖಾಲಿ. ತೋರಿಸಲಾಗದು. ಆದುದರಿಂದ ವಾಕ್ಯವು ನಿಜ. ಅದೇ ರೀತಿ ಎಲ್ಲವೂ ಕಹಿಯೆಂಬುದೂ ನಿಜ. ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರು, “ಉಂಡೆ ಸಿಹಿಯೋ ಕಹಿಯೋ ನಾ ಕಾಣೆ, ಡಬ್ಬ ಖಾಲಿ ಮಾಡಿದವರು ಯಾರೆಂಬುದನ್ನು ಮಾತ್ರ ಬಲ್ಲೆ” ಎಂದರು. ಸಕ್ಕರೆ ಕಾಯಿಲೆಯ ನಿಮಿತ್ತ ನಮಗೆ ಉಂಡೆಯು ನಿಷಿದ್ಧವಾಗಿರುವುದನ್ನು ಇಲ್ಲಿ ಹೇಳಬೇಕಾದ ಅಗತ್ಯವಿಲ್ಲ.

ನಮ್ಮಿಂದಲೂ ಒಂದು ಪ್ರಮಾದವಾಯಿತು. ‘ಅಥವಾ’ ಎಂದರೆ ಎರಡರಲ್ಲಿ ಒಂದೇ ಎಂದು ಪಂಡಿತರ ಗತ್ತಿನಿಂದ ಹೇಳಿ ಒಂದು ಲೆಕ್ಕವನ್ನು ಮಾಡಿಸಿದೆವು. ಮರುದಿನ ಹುಡುಗಿಯು ಪುಸ್ತಕವನ್ನು ತೆರೆದು ತಂದು, “ತಾತ, ಇಲ್ಲಿ ಎರಡೂ ಆದರೂ ಸರಿ ಅಂತಿದೆ” ಎಂದಳು. ಹೋಟೆಲಿನಲ್ಲಿ ಕಾಫಿ ಅಥವಾ ಟೀ ಎಂದಾಗ ಎರಡನ್ನೂ ಕೊಡುವುದಿಲ್ಲ. ಕಚೇರಿಯಲ್ಲಿ ಆಧಾರ್ ಅಥವಾ ಪಡಿತರ ಚೀಟಿ ತರಬೇಕೆಂದಾಗ ಎರಡನ್ನೂ ತಂದವನನ್ನು ಹಿಂದಕ್ಕೆ ಕಳುಹಿಸುವುದಿಲ್ಲ. ಗಣಿತದ ‘ಅಥವಾ’ ಈ ಎರಡನೆಯ ಜಾತಿಯದು. ನಾವು ತಪ್ಪೊಪ್ಪಿಕೊಂಡೆವು. ಹುಡುಗಿಯ ಮುಖದಲ್ಲಿ ಅಂದು ಕಂಡ ಗೆಲುವನ್ನು ನೋಡಿದರೆ, ಮೇಷ್ಟರು ಆಗಾಗ್ಗೆ ತಪ್ಪುವುದೂ ಪಾಠದ ಒಂದು ಅಂಗವಾಗಿರಬೇಕೆಂದು ತೋರುವುದು.

ಎಣಿಕೆಯ ಪ್ರಕರಣದಲ್ಲಿ ಆರು ವಸ್ತುಗಳಿಂದ ಆಯ್ಕೆ ಮಾಡುವ ಲೆಕ್ಕವಿದ್ದಿತು. ರಾಷ್ಟ್ರಕೂಟ ನೃಪತುಂಗನ ಕಾಲದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ ಇಂತಹ ಆಯ್ಕೆಗೆ ಸಾಮಾನ್ಯ ನಿಯಮವಿದೆ, ವೈದ್ಯಗ್ರಂಥವಾದ ಸುಶ್ರುತದಲ್ಲಿ ಆರು ರಸಗಳ ಬೆರಕೆಗಳು ಅರುವತ್ತಮೂರೆಂದು ಹೇಳಿದೆ. ಒಂದೊಂದೇ ರಸ ಆರು, ಎರಡೆರಡಾಗಿ ಹದಿನೈದು, ಮೂರುಮೂರಾಗಿ ಇಪ್ಪತ್ತು, ಮುಂದೆ ಹದಿನೈದು, ಆರು, ಆರೂ ಸೇರಿ ಒಂದು. ಕೂಡಿ ನೋಡಿಕೊಳ್ಳಬಹುದು.

ಇಂಥ ಒಂದು ಸಂಜೆ ಅವಳ ತಾಯಿಯು ಕೆಲಸದಿಂದ ಬಂದು, ಊಟದ ಡಬ್ಬಿಯ ಚೀಲವನ್ನು ಹೆಗಲಿಂದ ಇಳಿಸದೆಯೇ ಜಗಲಿಯ ಮೆಟ್ಟಿಲ ಮೇಲೆ ಕುಳಿತಳು. ಹುಡುಗಿಯು ಓದುತ್ತಲಿದ್ದಳು: ಐದು ಅಳತೆ, ನಾಲ್ಕು ಬಣ್ಣ, ಎರಡು ಬಗೆಯ ಕಾಲರು, ಒಟ್ಟು ಎಷ್ಟು ವಿಧದ ಅಂಗಿಗಳು? ತಾಯಿಯು ತಲೆಯೆತ್ತದೆ, “ನಲವತ್ತು. ಬಂಡಲ್ ಕಟ್ಟೋದೇ ಹಾಗಲ್ವೇನೆ” ಎಂದಳು. ಆ ಮಾತಾದ ಮೇಲೆ ಹುಡುಗಿಯು ಪುಸ್ತಕವನ್ನು ಮುಚ್ಚಿ ಆ ಆರು ಅಂಕದ ಸಂಗತಿಯನ್ನು ಹೇಳಿಬಿಟ್ಟಳು. ತಾಯಿಯು ಬಹಳ ಹೊತ್ತು ಏನೂ ಮಾತನಾಡಲಿಲ್ಲ. ನಾವು ಎದ್ದು ಒಳಗೆ ಹೋದೆವು. ಅವರೊಳಗೆ ಏನು ಮಾತು ನಡೆಯಿತೋ ನಾವು ಕೇಳಲಿಲ್ಲ; ಮರುದಿನ ಸಂಜೆ ಹುಡುಗಿಯು ಎಂದಿನ ಹೊತ್ತಿಗೆ ಪುಸ್ತಕವನ್ನು ಹಿಡಿದುಕೊಂಡು ಇಳಿದು ಬಂದಳು.

ಮುಂದಿನ ಮನೆಗೆಲಸದಲ್ಲಿ ಹತ್ತು ಲೆಕ್ಕಗಳಿಗೆ ಏಳನ್ನು ಮಾತ್ರ ತಾನೇ ಮಾಡಿ, ಉಳಿದ ಮೂರಕ್ಕೆ ‘ಇಲ್ಲಿಯವರೆಗೆ ಬಂದೆ, ಮುಂದೆ ತಿಳಿಯಲಿಲ್ಲ’ ಎಂದು ಬರೆದು ಕೊಟ್ಟಳು. ಯಂತ್ರದಿಂದ ಇಳಿಸಿದ ಗೆಳತಿಯರಿಗೆ ಹತ್ತಕ್ಕೆ ಹತ್ತು ಬಂದಿತು, ಇವಳಿಗೆ ಏಳು. ಇದು ನ್ಯಾಯವೇ ಎಂದು ಅವಳು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಅರುವತ್ತು ಪ್ರತಿಗಳ ರಾಶಿಯ ಮುಂದೆ ರಾತ್ರಿ ಕುಳಿತ ಅಧ್ಯಾಪಕರನ್ನು ದೂರುವ ಅಧಿಕಾರವು ನಮಗಿಲ್ಲವೆಂಬುದನ್ನು ಮೇಲೆಯೇ ಹೇಳಿದ್ದೇವೆ. ಎರಡನೆಯ ಕಿರುಪರೀಕ್ಷೆಯಲ್ಲಿ, ಮೊಬೈಲು ಒಳಗೆ ಬರದಿರುವ ಕೊಠಡಿಯಲ್ಲಿ, ಇಪ್ಪತ್ತೈದಕ್ಕೆ ಹದಿನಾರು ಬಂದಿತು. ಕಾರ್ಖಾನೆಯ ಮಾತು ಸದ್ಯಕ್ಕೆ ನಿಂತಿದೆ.

ಈಗ ನಮ್ಮ ಪಾಡನ್ನು ಹೇಳಬೇಕು. ವೃತ್ತಗಳ ಎಂಟು ಗಣಗಳನ್ನು ನೆನಪಿಡುವುದಕ್ಕೆ ‘ಯಮಾತಾರಾಜಭಾನಸಲಗಂ’ ಎಂಬ ಹತ್ತು ಅಕ್ಷರಗಳನ್ನು ನಾವು ಬಾಲ್ಯದಲ್ಲಿ ಉರುಹೊಡೆದವರು. ಯಾವ ಅಕ್ಷರದಿಂದ ತೊಡಗಿ ಮೂರನ್ನು ತೆಗೆದುಕೊಂಡರೂ ಆ ಅಕ್ಷರದ ಹೆಸರಿನ ಗಣವೇ ಬರುವುದು: ಯಮಾತಾ ಎಂದರೆ ಯಗಣ, ಮಾತಾರಾ ಎಂದರೆ ಮಗಣ, ಹೀಗೆ ಸಗಣದವರೆಗೆ. ಇದನ್ನು ಹೇಳಿಕೊಟ್ಟ ನಾಲ್ಕನೆಯ ದಿನ ಹುಡುಗಿಯು ಪುಸ್ತಕದ ಒಂದು ಪುಟದೊಡನೆ ಬಂದಳು. ಕೊನೆಯ ‘ಲಗಂ’ ಎಂಬ ಎರಡು ಅಕ್ಷರಗಳೂ ಮೊದಲಿನ ‘ಯಮಾ’ ಎಂಬುದೂ ಲಘು ಗುರುಗಳೇ ಆದುದರಿಂದ, ಆ ಎರಡನ್ನು ಬಿಟ್ಟು ಉಳಿದ ಎಂಟನ್ನು ಬಳೆಯಂತೆ ಸುತ್ತಿಸಿದರೆ, ಎಂಟು ಗಣಗಳೂ ಒಂದೊಂದೇ ಸಾರಿ ಬರುವ ಚಕ್ರವಾಗುವುದು. ಇಂತಹ ಚಕ್ರಗಳನ್ನು ಹಾಲೆಂಡಿನ ಡಿ ಬ್ರೂಯಿನ್ ಎಂಬ ಗಣಿತಜ್ಞರು 1946ರಲ್ಲಿ ಎಣಿಸಿದರು. ಫ್ರಾನ್ಸಿನಲ್ಲಿ 1894ರಲ್ಲಿಯೇ ಒಬ್ಬರು ಎಣಿಸಿದ್ದರೆಂದು ಆಮೇಲೆ ತಿಳಿಯಿತು. ಮೂರಕ್ಷರದ ಗಣಗಳಿಗೆ ಇಂಥ ಚಕ್ರಗಳು ಎರಡೇ. ಒಂದು ಮತ್ತೊಂದರ ಕನ್ನಡಿಯ ಬಿಂಬ. ಐವತ್ತು ವರ್ಷಗಳಿಂದ ಬಾಯಲ್ಲಿದ್ದ ಮಾತಿನೊಳಗೆ ಬಳೆಯೊಂದಿರುವುದನ್ನು ನಾವು ಕಂಡಿರಲಿಲ್ಲ.

“ತಾತ, ನಾಲ್ಕಕ್ಷರಕ್ಕೆ ಹದಿನಾರು ಮಣಿಯ ಬಳೆ ಮಾಡಿ ನೋಡೋಣ. ಪುಸ್ತಕ ನೋಡಬಾರದು, ಮೊಬೈಲೂ ಕೇಳಬಾರದು. ಸೋಮವಾರ ಕೊಡಬೇಕು” ಎಂದು ಹೇಳಿ ಅವಳು ಮಹಡಿಗೆ ಹೋದಳು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾವು ಮೂರು ದಿನದಿಂದ ಗುರುಲಘುಗಳನ್ನು ಸುತ್ತಿಸುತ್ತಲಿದ್ದೇವೆ. ಹನ್ನೊಂದು ಗಣಗಳವರೆಗೆ ಸರಿಯಾಗಿ ಬಂದು, ಹನ್ನೆರಡನೆಯದು ಮೊದಲೇ ಬಂದುದಾಗಿ ಕೆಡುತ್ತಲಿದೆ. ಇಂದು ಶನಿವಾರ.